ಕೋಪಕ್ಕೆ ಗಡಿಯಾರ ಕಟ್ಟಿದ ಕಾನೂನು

ಕೋಪ ಎಷ್ಟು ಹೊತ್ತು ಉರಿಯಬಲ್ಲದು? ಒಂದು ಕ್ಷಣವೇ, ಒಂದು ರಾತ್ರಿಯೇ, ಹತ್ತು ವರ್ಷವೇ? ಕಥೆ ಬರೆಯುವ ನಮ್ಮಂಥವರಿಗೆ ಇದು ಹೊಸ ಪ್ರಶ್ನೆಯೇನಲ್ಲ. ಕಥೆಯಲ್ಲಿ ಒಬ್ಬ ಹೆಂಗಸು ಹತ್ತು ವರ್ಷ ಬಾಯಿ ಬಿಡದೆ ಇದ್ದು, ಹನ್ನೊಂದನೆಯ ವರ್ಷ ಒಂದು ಸಣ್ಣ ಮಾತಿಗೆ ಸಿಡಿದೆದ್ದರೆ ಓದುಗರು ನಂಬುತ್ತಾರೆ. ಆ ಹತ್ತು ವರ್ಷಗಳನ್ನು ನಾವು ಸರಿಯಾಗಿ ಬರೆದಿರಬೇಕು, ಅಷ್ಟೆ. ಇಂಗ್ಲೆಂಡಿನ ಕ್ರಿಮಿನಲ್ ಕಾನೂನು ಮಾತ್ರ ಆ ಹತ್ತು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬಹಳ ಕಾಲ ಒಪ್ಪಲಿಲ್ಲ. ಕಡೆಗೆ ಒಪ್ಪಿದಾಗಲೂ ಅರ್ಧ ಮನಸ್ಸಿನಿಂದಲೇ ಒಪ್ಪಿತು. ತೀರ್ಪುಗಳನ್ನು ವಕೀಲರು ಓದುವ ರೀತಿ ಬೇರೆ. ನಾವು ಇಲ್ಲಿ ಅವನ್ನು ಕಥನಗಳಾಗಿ ಓದಲು ಹೊರಟಿದ್ದೇವೆ. ಯಾರ ಕಥೆಯನ್ನು ಕೋರ್ಟು ಕೇಳಿಸಿಕೊಂಡಿತು, ಎಲ್ಲಿಂದ ಶುರುಮಾಡಲು ಬಿಟ್ಟಿತು, ಎಲ್ಲಿ ಸಾಕು ಎಂದಿತು ಎನ್ನುವುದಷ್ಟೇ ನಮ್ಮ ಕುತೂಹಲ.

ಅದಕ್ಕೆ ಮುಂಚೆ ಅಲ್ಲಿನ ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಇಂಗ್ಲೆಂಡಿನಲ್ಲಿ ಕೊಲೆಗೆ ಗಲ್ಲು ವಿಧಿಸುವುದು 1965ರಲ್ಲಿ ನಿಂತಿತು. ಅದರ ಬದಲಿಗೆ ಬಂದ ಜೀವಾವಧಿ ಶಿಕ್ಷೆ ಕಡ್ಡಾಯವಾದದ್ದು. ಕೊಲೆ ಎಂದು ಜ್ಯೂರಿ ಹೇಳಿದ ಮೇಲೆ ನ್ಯಾಯಾಧೀಶರಿಗೆ ಬೇರೆ ದಾರಿಯಿಲ್ಲ, ಕನಿಷ್ಠ ಎಷ್ಟು ವರ್ಷ ಒಳಗಿರಬೇಕು ಎಂದಷ್ಟೇ ಅವರು ಹೇಳಬಹುದು. ಅದೇ ಸಾವನ್ನು ಜ್ಯೂರಿ ಕೊಲೆಯೆಂದು ಕಾಣದೆ ನರಹತ್ಯೆ ಎಂದು ಕಂಡರೆ ನ್ಯಾಯಾಧೀಶರ ಕೈಕಟ್ಟು ಬಿಚ್ಚುತ್ತದೆ. ಸಂದರ್ಭ ನೋಡಿ ಜೀವಾವಧಿಯನ್ನೂ ಕೊಡಬಹುದು, ಮನೆಗೂ ಕಳಿಸಬಹುದು. ಕೊಲೆಯಿಂದ ನರಹತ್ಯೆಗೆ ಇಳಿಯಲು ಎರಡು ಮುಖ್ಯ ಬಾಗಿಲುಗಳಿದ್ದವು. ಒಂದು, ಸತ್ತವನೇ ಪ್ರಚೋದಿಸಿದ ಎಂಬುದು. ಇನ್ನೊಂದು, 1957ರ ಕಾಯಿದೆ ತೆರೆದದ್ದು: ಮನಸ್ಸಿನ ಅಸ್ವಸ್ಥತೆಯಿಂದ ಆರೋಪಿಯ ಹೊಣೆಗಾರಿಕೆ ಕುಂದಿತ್ತು ಎಂಬುದು. ಮೊದಲನೆಯ ಬಾಗಿಲಿನಲ್ಲಿ ಹೋಗುವವರು ನಡೆದದ್ದನ್ನು ಹೇಳಬೇಕು. ಎರಡನೆಯದರಲ್ಲಿ ಹೋಗುವವರು ವೈದ್ಯರನ್ನು ಕರೆತರಬೇಕು. ಈ ವ್ಯತ್ಯಾಸ ಮುಂದೆ ಬಹಳ ದೊಡ್ಡದಾಗುತ್ತದೆ.

1949ರಲ್ಲಿ ಡಫಿ ಎಂಬ ಹೆಂಗಸಿನ ಮೊಕದ್ದಮೆ ನಡೆಯಿತು. ಗಂಡ ಹಿಂಸಿಸುತ್ತಿದ್ದವನು. ಆ ರಾತ್ರಿ ಮಗುವನ್ನು ಕರೆದುಕೊಂಡು ಹೋಗಲು ಆಕೆ ಹೊರಟಾಗ ಅವನು ತಡೆದ, ಜಗಳವಾಯಿತು. ಆಕೆ ಕೋಣೆಯಿಂದ ಹೊರಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದಳು. ಅಷ್ಟರಲ್ಲಿ ಅವನು ಹಾಸಿಗೆಯಲ್ಲಿದ್ದ. ಆಕೆಯ ಕೈಯಲ್ಲಿ ಸುತ್ತಿಗೆ, ಕೊಡಲಿ. ಜ್ಯೂರಿಗೆ ಕಾನೂನು ತಿಳಿಸಿಕೊಟ್ಟವರು ನ್ಯಾಯಮೂರ್ತಿ ಡೆವ್ಲಿನ್. ಪ್ರಚೋದನೆ ಎಂದರೆ ಹಠಾತ್ತಾಗಿ, ತಾತ್ಕಾಲಿಕವಾಗಿ ಮನಸ್ಸಿನ ಹತೋಟಿ ತಪ್ಪುವುದು ಎಂದು ಅವರು ವಿವರಿಸಿದರು. ದೀರ್ಘಕಾಲದ ಹಿಂಸೆಯನ್ನು ಸಹಿಸಿಕೊಂಡು ಬಂದದ್ದು ತನ್ನಷ್ಟಕ್ಕೆ ಪ್ರಚೋದನೆಯಾಗುವುದಿಲ್ಲ, ಅದು ಸೇಡಿನ ಬಯಕೆಯನ್ನು ಹುಟ್ಟಿಸುವುದರಿಂದ ಆರೋಪಿಯ ವಿರುದ್ಧವೇ ನಿಲ್ಲಬಹುದು ಎಂಬ ಅರ್ಥದ ಮಾತನ್ನೂ ಸೇರಿಸಿದರು. ಮೇಲ್ಮನವಿಯ ಕೋರ್ಟು ಅದನ್ನು ಹೊಗಳಿ ಎತ್ತಿಹಿಡಿಯಿತು. ಮುಂದಿನ ಅರವತ್ತು ವರ್ಷ ಆ ವಾಕ್ಯವೇ ಕಾನೂನಾಗಿ ನಿಂತಿತು.

ವಾಕ್ಯ ಅಚ್ಚುಕಟ್ಟಾಗಿದೆ, ಒಪ್ಪಬೇಕು. ಆದರೆ ಅದು ಯಾರ ಮೈಯನ್ನು ನೋಡಿ ಬರೆದದ್ದು? ಹೆಂಡದಂಗಡಿಯಲ್ಲಿ ಬೈಸಿಕೊಂಡು ಆ ಕ್ಷಣಕ್ಕೇ ಕೈ ಎತ್ತುವವನ ಮೈ. ಹೆಂಡತಿಯನ್ನು ಪರಪುರುಷನ ಜೊತೆ ಕಂಡು ಆ ಕ್ಷಣಕ್ಕೇ ಮೇಲೆ ಬೀಳುವವನ ಮೈ. ಎದುರಿಗಿರುವವನು ತನಗಿಂತ ಬಲಶಾಲಿ, ಕೈ ಎತ್ತಿದರೆ ತನ್ನ ಕೈಯೇ ಮುರಿಯುತ್ತದೆ ಎಂದು ಅನುಭವದಿಂದ ಬಲ್ಲವಳು ಆ ಕ್ಷಣಕ್ಕೆ ಎದ್ದು ನಿಲ್ಲುವುದಿಲ್ಲ. ಅವನು ಮಲಗುವವರೆಗೆ ಕಾಯುತ್ತಾಳೆ. ಕಾಯುವುದೇ ಅವಳ ಶಕ್ತಿ. ಕಾನೂನಿನ ಗಡಿಯಾರಕ್ಕೆ ಕಾಯುವುದೆಂದರೆ ಹೊಂಚು ಹಾಕುವುದು.

ಉರ್ದು ಶಾಲೆಯಲ್ಲಿ ಕಲಿತ ನಮಗೆ ಇಲ್ಲಿ ಒಂದು ಪದ ನೆನಪಾಗುತ್ತದೆ. ನಮ್ಮ ದಂಡಸಂಹಿತೆಯ ಹಳೆಯ ಉರ್ದು ಪರಿಭಾಷೆಯಲ್ಲಿ ಪ್ರಚೋದನೆಗೆ ‘ಇಶ್ತಿಆಲ್’ ಎನ್ನುತ್ತಾರೆ. ಶೋಲಾ, ಅಂದರೆ ಜ್ವಾಲೆ, ಎಂಬ ಮಾತಿಗೂ ಅದಕ್ಕೂ ಒಂದೇ ಬೇರು. ಕನ್ನಡದ ‘ಪ್ರಚೋದನೆ’ಯಲ್ಲಿ ಒಬ್ಬರು ಇನ್ನೊಬ್ಬರನ್ನು ತಳ್ಳುವ ಭಾವವಿದೆ, ಉರ್ದುವಿನದರಲ್ಲಿ ಬೆಂಕಿ ಹತ್ತಿಕೊಳ್ಳುವ ಭಾವ. ಎಲ್ಲ ಬೆಂಕಿಯೂ ಒಮ್ಮೆಲೇ ಭಗ್ಗೆಂದು ಏಳುವುದಿಲ್ಲವಲ್ಲ. ಬೂದಿಯ ಕೆಳಗಿನ ಕೆಂಡವನ್ನು ಬೆಳಿಗ್ಗೆ ಕೆದಕಿ ಒಲೆ ಹೊತ್ತಿಸಿದ ಅಜ್ಜಿಯಂದಿರಿಗೆ ಇದು ಗೊತ್ತಿತ್ತು.

ಇನ್ನು ಕಿರಣ್‌ಜಿತ್ ಅಹ್ಲುವಾಲಿಯಾ ಪ್ರಕರಣಕ್ಕೆ ಬರೋಣ. ಪಂಜಾಬಿನ ಹೆಣ್ಣುಮಗಳು. 1979ರಲ್ಲಿ ದೀಪಕ್ ಎಂಬವನನ್ನು ಮದುವೆಯಾಗಿ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದವಳು. ಹತ್ತು ವರ್ಷ ಹೊಡೆತ. ಎರಡು ಬಾರಿ ಕೋರ್ಟಿಗೆ ಹೋಗಿ ಗಂಡನ ವಿರುದ್ಧ ತಡೆಯಾಜ್ಞೆಯನ್ನೂ ತಂದಿದ್ದಳು, ಏನೂ ಪ್ರಯೋಜನವಾಗಲಿಲ್ಲ. 1989ರ ಮೇ ತಿಂಗಳ ಒಂದು ರಾತ್ರಿ ಅವನು ಕಾದ ಇಸ್ತ್ರಿಪೆಟ್ಟಿಗೆಯನ್ನು ಮುಖದ ಹತ್ತಿರ ಹಿಡಿದು ಬೆದರಿಸಿದ. ಬೆಳಿಗ್ಗೆ ಹಣ ಕೊಡದಿದ್ದರೆ ಹೊಡೆಯುತ್ತೇನೆಂದು ಹೇಳಿ ಮಲಗಿದ. ಆಕೆಗೆ ನಿದ್ದೆ ಬರಲಿಲ್ಲ. ನಡುರಾತ್ರಿ ಕಳೆದ ಮೇಲೆ ಎದ್ದು, ಕೆಲವು ದಿನ ಮುಂಚೆ ತಂದಿಟ್ಟಿದ್ದ ಪೆಟ್ರೋಲನ್ನು ಅವನು ಮಲಗಿದ್ದ ಕೋಣೆಗೆ ಸುರಿದು ಬೆಂಕಿ ಹಚ್ಚಿದಳು. ಕೆಲವು ದಿನಗಳ ನಂತರ ಅವನು ಆಸ್ಪತ್ರೆಯಲ್ಲಿ ಸತ್ತ.

ಅದೇ ವರ್ಷದ ಡಿಸೆಂಬರಿನಲ್ಲಿ ಲೂಯಿಸ್ ಕ್ರೌನ್ ಕೋರ್ಟಿನಲ್ಲಿ ಕೊಲೆಯೆಂದು ತೀರ್ಮಾನವಾಯಿತು, ಜೀವಾವಧಿ ಶಿಕ್ಷೆಯಾಯಿತು. ಆ ವಿಚಾರಣೆಯಲ್ಲಿ ಆಕೆ ಸಾಕ್ಷಿಕಟ್ಟೆ ಹತ್ತಲಿಲ್ಲ. ಪರದೇಶದ ಕೋರ್ಟಿನಲ್ಲಿ, ಪರಭಾಷೆಯ ಜನರ ಎದುರು, ಮಲಗುವ ಕೋಣೆಯ ಮಾತನ್ನು ಹೇಳುವುದು ನಮ್ಮ ಕಡೆಯ ಹೆಂಗಸಿಗೆ ಏನೆಂಬುದನ್ನು ವಿವರಿಸಬೇಕಿಲ್ಲ. ಇಜ್ಜತ್ ಎಂಬ ಪದ ಪಂಜಾಬಿಯಲ್ಲೂ ಇದೆ, ನಮ್ಮ ಮನೆಗಳಲ್ಲೂ ಇದೆ. ಮಾನವನ್ನು ಕಾಪಾಡಿಕೊಳ್ಳಲು ಹೆಣ್ಣು ಬಾಯಿ ಮುಚ್ಚಿಕೊಂಡರೆ, ಜ್ಯೂರಿಯ ಮುಂದೆ ಉಳಿಯುವುದು ಪೆಟ್ರೋಲ್ ಡಬ್ಬ ಒಂದೇ.

ಈ ಪ್ರಕರಣದ ಮೇಲ್ಮನವಿಯ ತೀರ್ಪಿನಲ್ಲಿ ಒಂದು ಪತ್ರ ಬರುತ್ತದೆ. ಸಾವಿಗೆ ಕೆಲವೇ ವಾರಗಳ ಮುಂಚೆ ಗಂಡ ಮೂರು ದಿನ ಮನೆ ಬಿಟ್ಟು ಹೋಗಿದ್ದಾಗ ಕಿರಣ್‌ಜಿತ್ ಬರೆದದ್ದು. ವಾಪಸು ಬಾ ಎಂದು ಬೇಡಿಕೊಳ್ಳುತ್ತಾ ಆಕೆ ತಾನು ಏನೇನು ಬಿಟ್ಟುಬಿಡುತ್ತೇನೆ ಎಂದು ಪಟ್ಟಿ ಕೊಡುತ್ತಾಳೆ. ಕರಿ ಕಾಫಿ ಮುಟ್ಟುವುದಿಲ್ಲ, ಹಸಿಮೆಣಸಿನಕಾಯಿ ತಿನ್ನುವುದಿಲ್ಲ, ಪ್ರತಿವಾರ ಪೇಟೆಗೆ ಹೋಗುವುದಿಲ್ಲ, ನೆರೆಮನೆಗೂ ಹೋಗುವುದಿಲ್ಲ, ಕೂದಲಿಗೆ ಬಣ್ಣ ಹಚ್ಚುವುದಿಲ್ಲ, ನಿನಗೆ ಇಷ್ಟವಿಲ್ಲದಿದ್ದರೆ ನಗುವುದೂ ಇಲ್ಲ. ನಾವು ಎಷ್ಟೋ ಕಥೆಗಳನ್ನು ಓದಿದ್ದೇವೆ, ಒಂದಷ್ಟು ಬರೆದಿದ್ದೇವೆ. ಹೊಡೆತದ ಗುರುತುಗಳ ವರ್ಣನೆಗಿಂತ ಆ ಹಸಿಮೆಣಸಿನಕಾಯಿ ಹೆಚ್ಚು ಹೇಳುತ್ತದೆ. ಒಬ್ಬ ಮನುಷ್ಯಳ ಬದುಕಿನ ಎಷ್ಟು ಸಣ್ಣ ಮೂಲೆಯವರೆಗೆ ಇನ್ನೊಬ್ಬನ ಆಳ್ವಿಕೆ ಹೋಗಿತ್ತು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅದನ್ನು ತೀರ್ಪಿನೊಳಗೆ ಸೇರಿಸಿದ ನ್ಯಾಯಾಧೀಶರಿಗೂ ಅದರ ತೂಕ ಗೊತ್ತಿದ್ದಿರಬೇಕು. ಗೊತ್ತಿದ್ದೂ ಅವರು ಮಾಡಿದ್ದೇನು ಎಂಬುದೇ ನಮ್ಮ ತಕರಾರು.

1992ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಟೇಲರ್ ಅವರ ಪೀಠ ತೀರ್ಪು ಕೊಟ್ಟಿತು. ‘ಹಠಾತ್’ ಎಂಬ ಮಾತನ್ನು ತೆಗೆಯಲು ತಮ್ಮಿಂದಾಗದು, ಅಂಥ ಬದಲಾವಣೆ ಪಾರ್ಲಿಮೆಂಟಿನ ಕೆಲಸ ಎಂದಿತು. ಹೊತ್ತು ಕಳೆದ ಮಾತ್ರಕ್ಕೆ ಪ್ರಚೋದನೆಯ ವಾದ ಬಿದ್ದುಹೋಗುವುದಿಲ್ಲ ಎಂದು ಸ್ವಲ್ಪ ಸಡಿಲಿಸಿತು. ಆದರೆ ಶಿಕ್ಷೆ ರದ್ದಾದದ್ದು ಆ ಬಾಗಿಲಿನಿಂದಲ್ಲ. ಘಟನೆಯ ಹೊತ್ತಿಗೆ ಆಕೆಗೆ ತೀವ್ರ ಖಿನ್ನತೆ ಇತ್ತು ಎಂಬ ಹೊಸ ವೈದ್ಯಕೀಯ ವರದಿಗಳಿದ್ದವು. ಆ ಎರಡನೆಯ ಬಾಗಿಲು ತೆರೆಯಿತು, ಮರುವಿಚಾರಣೆಗೆ ಆದೇಶವಾಯಿತು. ಸೆಪ್ಟೆಂಬರಿನಲ್ಲಿ ಆಕೆ ನರಹತ್ಯೆಯೆಂದು ತಪ್ಪೊಪ್ಪಿಕೊಂಡಳು. ಮೂರು ವರ್ಷ ನಾಲ್ಕು ತಿಂಗಳ ಶಿಕ್ಷೆ. ಅಷ್ಟನ್ನು ಆಗಲೇ ಅನುಭವಿಸಿಯಾಗಿತ್ತು, ಅಂದೇ ಹೊರಬಂದಳು. ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಂಘಟನೆಯ ಹೆಂಗಸರು ಬೀದಿಗಿಳಿದು ಹೋರಾಡದಿದ್ದರೆ ಆ ವರದಿಗಳನ್ನು ಹುಡುಕುವವರೂ ಇರುತ್ತಿರಲಿಲ್ಲ. ಈ ಕಥೆ ಆಮೇಲೆ ‘ಪ್ರೊವೋಕ್ಡ್’ ಎಂಬ ಸಿನಿಮಾ ಆಯಿತು, ಐಶ್ವರ್ಯಾ ರೈ ನಟಿಸಿದರು. ಸಿನಿಮಾದ ಹೆಸರಿನ ಅರ್ಥ ಪ್ರಚೋದಿತೆ ಎಂದು. ಕೋರ್ಟು ಬಿಡುಗಡೆ ಮಾಡಿದ್ದು ರೋಗಿಯನ್ನು.

ಬಿಡುಗಡೆಯಾಯಿತಲ್ಲ, ಯಾವ ಬಾಗಿಲಾದರೇನು ಎಂದು ಕೇಳಬಹುದು. ಜೈಲಿನಲ್ಲಿ ಕೂತವಳಿಗೆ ಆ ಪ್ರಶ್ನೆ ನ್ಯಾಯವೇ. ಆದರೆ ಎರಡು ಬಾಗಿಲೂ ಒಂದೇ ಕಥೆಯನ್ನು ಹೇಳುವುದಿಲ್ಲ. ‘ಅವನು ನನಗೆ ಹೀಗೆ ಮಾಡಿದ’ ಎಂಬ ವಾಕ್ಯದಲ್ಲಿ ಕರ್ತೃ ಅವನು. ‘ನನಗೆ ಖಿನ್ನತೆ ಇತ್ತು’ ಎಂಬುದರಲ್ಲಿ ಅವನೇ ಇಲ್ಲ. ಹತ್ತು ವರ್ಷದ ದೌರ್ಜನ್ಯ ಮಾಯವಾಗಿ ಅವಳ ತಲೆಯೊಳಗಿನ ಒಂದು ಕಾಯಿಲೆ ಮಾತ್ರ ಉಳಿಯುತ್ತದೆ.

ಅದೇ ವರ್ಷಗಳಲ್ಲಿ ಸಾರಾ ಥಾರ್ನ್‌ಟನ್ ಪ್ರಕರಣವೂ ಇತ್ತು. ಕುಡಿದು ಸೋಫಾದ ಮೇಲೆ ಬಿದ್ದಿದ್ದ ಗಂಡನನ್ನು ಇರಿಯುವ ಮುಂಚೆ ಆಕೆ ಅಡುಗೆಮನೆಗೆ ಹೋಗಿ ಚಾಕುವನ್ನು ಮಸೆದಿದ್ದಳು. 1991ರಲ್ಲಿ ಮೇಲ್ಮನವಿ ಬಿದ್ದುಹೋಯಿತು, ಎರಡನೆಯ ಮೇಲ್ಮನವಿಯ ನಂತರ 1996ರಲ್ಲಿ ನರಹತ್ಯೆ ಎಂದಾಯಿತು. ಮಸೆದ ಆ ಒಂದೆರಡು ನಿಮಿಷಕ್ಕೆ ಐದು ವರ್ಷದ ವ್ಯಾಜ್ಯ.

ಇಂಗ್ಲಿಷರ ಈ ಗಡಿಯಾರ ನಮ್ಮ ಗೋಡೆಗೂ ಬಂದು ಎಷ್ಟೋ ಕಾಲವಾಯಿತು. 1860ರ ಭಾರತೀಯ ದಂಡಸಂಹಿತೆಯ 300ನೇ ಕಲಮಿನ ಮೊದಲ ವಿನಾಯಿತಿಯಲ್ಲೇ ಪ್ರಚೋದನೆ ‘ಗಂಭೀರವೂ ಹಠಾತ್ತೂ’ ಆಗಿರಬೇಕೆಂದಿತ್ತು. 1961ರಲ್ಲಿ ನಾನಾವತಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಗಂಟೆಗಳನ್ನು ಎಣಿಸಿಯೇ ತೀರ್ಮಾನಿಸಿತು: ಹೆಂಡತಿ ವಿಷಯ ಹೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು, ಕೋಪ ತಣಿಯಲು ಅಷ್ಟು ಸಾಕು. ನೌಕಾಪಡೆಯ ಅಧಿಕಾರಿಯ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಮದರಾಸು ಹೈಕೋರ್ಟು 1989ರಲ್ಲಿ ಬೇರೊಂದು ದಾರಿ ಹಿಡಿಯಿತು. ಕಿರುಕುಳ ತಾಳಲಾರದೆ ಮಕ್ಕಳೊಂದಿಗೆ ಬಾವಿಗೆ ಹಾರಿ, ಮಕ್ಕಳು ಸತ್ತು ತಾನು ಬದುಕಿದ ತಾಯಿಯೊಬ್ಬಳ ಪ್ರಕರಣದಲ್ಲಿ, ದೀರ್ಘಕಾಲ ಎಡೆಬಿಡದೆ ನಡೆದ ಪ್ರಚೋದನೆಯೂ ಪ್ರಚೋದನೆಯೇ ಎಂದಿತು. ಅದಕ್ಕೆ ಆಸರೆಯಾಗಿ ನ್ಯಾಯಾಧೀಶರು ಕರೆದದ್ದು ನಲ್ಲತಂಗಾಳನ್ನು: ಬಡತನಕ್ಕೆ ಸೋತು ಏಳು ಮಕ್ಕಳನ್ನು ಬಾವಿಗೆ ತಳ್ಳಿ ತಾನೂ ಹಾರಿದ ತಮಿಳು ಜನಪದ ಕಥೆಯ ತಾಯಿ. ಲಂಡನ್ನಿನ ಕೋರ್ಟು ಮನೋವೈದ್ಯರನ್ನು ಕರೆದ ಹೊತ್ತಿನಲ್ಲಿ ಮದರಾಸಿನ ಕೋರ್ಟು ಲಾವಣಿಯನ್ನು ಕರೆಯಿತು. ಕಥೆಗಾರರ ಪಕ್ಷಪಾತ ಎಂದರೂ ಸರಿ, ಎರಡನೆಯದೇ ನಮಗೆ ಹೆಚ್ಚು ಸತ್ಯವೆನಿಸುತ್ತದೆ. ಆದರೂ 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲಿ ‘ಹಠಾತ್’ ಹಾಗೇ ಕೂತಿದೆ. ವಸಾಹತುಶಾಹಿಯ ಗುರುತುಗಳನ್ನು ಅಳಿಸುತ್ತೇವೆಂದು ಹೊರಟವರ ಕಣ್ಣಿಗೆ ಇದು ಬೀಳಲಿಲ್ಲ.

ಇಂಗ್ಲೆಂಡಿನ ಪಾರ್ಲಿಮೆಂಟು ಮಾತ್ರ ಅದನ್ನು ಅಳಿಸಿತು. 2009ರ ಕಾಯಿದೆ ಹಳೆಯ ಪ್ರಚೋದನೆಯ ಬಾಗಿಲನ್ನೇ ಕಿತ್ತು ‘ಹತೋಟಿ ತಪ್ಪುವುದು’ ಎಂಬ ಹೊಸ ಬಾಗಿಲನ್ನು ಕೂರಿಸಿತು. ಹತೋಟಿ ತಪ್ಪಿದ್ದು ಹಠಾತ್ತೋ ಅಲ್ಲವೋ ಎಂಬುದು ಮುಖ್ಯವಲ್ಲ ಎಂದು ಬರೆಯಿತು. ಕೋಪದ ಜೊತೆಗೆ ಭಯಕ್ಕೂ ಜಾಗ ಕೊಟ್ಟಿತು: ಗಂಭೀರ ಹಿಂಸೆಯ ಭಯದಿಂದ ಹತೋಟಿ ತಪ್ಪಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹೆಜ್ಜೆಯೇ. ಆದರೆ ಹತೋಟಿ ತಪ್ಪಲೇಬೇಕು ಎಂಬ ಷರತ್ತು ಉಳಿಯಿತು. ಅದನ್ನೂ ಕೈಬಿಡಿ ಎಂದು ಅಲ್ಲಿನ ಕಾನೂನು ಆಯೋಗ 2006ರಲ್ಲೇ ಶಿಫಾರಸು ಮಾಡಿತ್ತು, ಸರಕಾರ ಒಪ್ಪಲಿಲ್ಲ. ಭಯಪಟ್ಟವರು ಹತೋಟಿ ತಪ್ಪಿ ವರ್ತಿಸುವುದು ಕಡಿಮೆ. ಭಯವೆಂದರೆ ಎಲ್ಲವನ್ನೂ ಹತೋಟಿಯಲ್ಲಿಟ್ಟುಕೊಳ್ಳುವುದು: ಬಾಗಿಲ ಸದ್ದು, ಹೆಜ್ಜೆಯ ಸದ್ದು, ಸಾರಿನ ಉಪ್ಪು, ಮಕ್ಕಳ ದನಿ.

ಅದೇ ಕಾಯಿದೆ ಇನ್ನೊಂದು ಕೆಲಸ ಮಾಡಿತು. ಸಂಗಾತಿಯ ಲೈಂಗಿಕ ದ್ರೋಹವನ್ನು ಹತೋಟಿ ತಪ್ಪಿಸಿದ ಕಾರಣವೆಂದು ಪರಿಗಣಿಸಬಾರದು ಎಂದಿತು. ಗಂಡಸಿನ ಕೋಪಕ್ಕೆ ಶತಮಾನಗಳಿಂದ ಸಿಗುತ್ತಿದ್ದ ರಿಯಾಯಿತಿಯನ್ನು ಹೀಗೆ ಕಿತ್ತುಕೊಂಡಿತು ಎನ್ನುವಷ್ಟರಲ್ಲಿ, 2012ರಲ್ಲಿ ಕ್ಲಿಂಟನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಜಡ್ಜ್ ಅವರ ಪೀಠ, ದ್ರೋಹವೊಂದೇ ಕಾರಣವಾಗಬಾರದು, ಬೇರೆ ಕಾರಣಗಳ ಹಿನ್ನೆಲೆಯಾಗಿ ಬರಬಹುದು ಎಂದು ತೀರ್ಪಿತ್ತಿತು. ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದು ಹಿತ್ತಿಲಿನಿಂದ ಒಳಗೆ ಬಂತು. ಜೀವನದಲ್ಲಿ ಒಂದು ಸಂಗತಿಯನ್ನು ಇನ್ನೊಂದರಿಂದ ಕತ್ತರಿಸಿ ನೋಡಲಾಗದು ಎಂಬ ಅವರ ತರ್ಕ ಸುಳ್ಳೇನಲ್ಲ. ಗಂಡಸಿನ ಕಥೆಗೆ ಹಿನ್ನೆಲೆ ಬೇಕೆಂದು ಇಷ್ಟು ಬೇಗ ಹೊಳೆದದ್ದು ಡಫಿಯ ಹಿನ್ನೆಲೆಗೆ ಯಾಕೆ ಹೊಳೆಯಲಿಲ್ಲ ಎಂಬುದೇ ಪ್ರಶ್ನೆ.

ಇಲ್ಲಿ ನಮ್ಮ ಸಮುದಾಯದ ಓದುಗರು ಒಂದು ಮಾತನ್ನು ಗಮನಿಸಬೇಕು. ದೀರ್ಘಕಾಲದ ಕೋಪಕ್ಕೂ ಕಾನೂನು ಕಿವಿಗೊಟ್ಟರೆ, ಮಗಳು ತನ್ನಿಷ್ಟದವನ ಜೊತೆ ಹೋದಳೆಂದು ತಿಂಗಳುಗಟ್ಟಲೆ ಕುದ್ದು ಕೊಂದ ಅಪ್ಪ, ಅಣ್ಣಂದಿರೂ ಅದೇ ಬಾಗಿಲಿಗೆ ಬರುವುದಿಲ್ಲವೇ? ಬರುತ್ತಾರೆ. ಅದಕ್ಕೇ ಹೊಸ ಕಾಯಿದೆ ತನಗೆ ಅನ್ಯಾಯವಾಯಿತೆಂಬ ಭಾವನೆ ಸಮರ್ಥನೀಯವಾಗಿರಬೇಕು ಎಂಬ ಮಾತನ್ನು ಇಟ್ಟಿತು. ಅದನ್ನು ಆರೋಪಿಯ ಕಣ್ಣಿನಿಂದಲ್ಲ, ಹೊರಗಿನ ಅಳತೆಯಿಂದ ನೋಡಬೇಕೆಂದು 2013ರಲ್ಲಿ ಮೇಲ್ಮನವಿಯ ಕೋರ್ಟು ಸ್ಪಷ್ಟಪಡಿಸಿತು. ಇಜ್ಜತ್ತಿನ ಹೆಸರಿನ ಕೋಪವನ್ನು ಸಂಸ್ಕೃತಿಯೆಂದು ಮನ್ನಿಸಬೇಕೆಂದು ಬಿಲಾಯತಿಯ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ಅದನ್ನು ಒಪ್ಪದಿರುವುದೇ ನಮ್ಮ ಹೆಣ್ಣುಮಕ್ಕಳಿಗೆ ಮಾಡುವ ಉಪಕಾರ. ಹತ್ತು ವರ್ಷ ಹೊಡೆಸಿಕೊಂಡವಳ ಕೋಪವನ್ನೂ, ಮಾತು ಕೇಳದ ಮಗಳ ಮೇಲಿನ ಅಪ್ಪನ ಕೋಪವನ್ನೂ ಗಡಿಯಾರ ಇಟ್ಟು ಬೇರ್ಪಡಿಸಲು ಬರುವುದಿಲ್ಲ. ಯಾರ ಮೇಲೆ ಯಾರ ಅಧಿಕಾರವಿತ್ತು ಎಂದು ಕೇಳಿದರೆ ತಕ್ಷಣ ಬೇರ್ಪಡುತ್ತವೆ.

ಸ್ಯಾಲಿ ಚಾಲನ್ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಲು ಇಂಗ್ಲೆಂಡಿಗೆ ಒಳ್ಳೆಯ ಅವಕಾಶವಿತ್ತು. ಹದಿನೈದರ ಹುಡುಗಿಯಾಗಿದ್ದಾಗ ಪರಿಚಯವಾದವನನ್ನೇ ಮದುವೆಯಾಗಿ, ಮೂರು ದಶಕ ಅವನ ಹಿಡಿತದಲ್ಲಿ ಬಾಳಿದವಳು. 2010ರ ಆಗಸ್ಟಿನಲ್ಲಿ, ಅವನು ಊಟಕ್ಕೆ ಕೂತಿದ್ದಾಗ, ಕೈಚೀಲದಲ್ಲಿ ತಂದಿದ್ದ ಸುತ್ತಿಗೆಯಿಂದ ಹೊಡೆದು ಕೊಂದಳು. ಹೊಸ ಕಾಯಿದೆಯ ಬಾಗಿಲು ತೆರೆದದ್ದು ಅದೇ ವರ್ಷದ ಅಕ್ಟೋಬರ್ 4ರಂದು. ಕೆಲವೇ ವಾರಗಳ ವ್ಯತ್ಯಾಸದಿಂದ ಆಕೆ ಹಳೆಯ ಗಡಿಯಾರದ ಕೈಗೆ ಸಿಕ್ಕಳು. 2011ರ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಹೇಳಿದ ಕಥೆ ಗಂಡನ ಫೋನ್ ತಡಕಾಡುವ ಹೊಟ್ಟೆಕಿಚ್ಚಿನ ಹೆಂಡತಿಯದು. ಜ್ಯೂರಿ ಅದನ್ನೇ ನಂಬಿತು.

ಆಮೇಲೆ 2015ರ ಕಾಯಿದೆಯೊಂದು ಕೋಯರ್ಸಿವ್ ಕಂಟ್ರೋಲ್ ಎಂಬುದನ್ನು ಅಪರಾಧವೆಂದು ಹೆಸರಿಸಿತು. ಸಂಗಾತಿಯ ಹಣ, ಸ್ನೇಹಿತರು, ಉಡುಪು, ಓಡಾಟ ಎಲ್ಲವನ್ನೂ ಹಿಡಿದಿಟ್ಟು ಅವರನ್ನು ಅಧೀನದಲ್ಲಿಟ್ಟುಕೊಳ್ಳುವುದು, ಕೈ ಎತ್ತದಿದ್ದರೂ, ಗರಿಷ್ಠ ಐದು ವರ್ಷ ಶಿಕ್ಷೆಯಾಗುವ ಅಪರಾಧವಾಯಿತು. ಕಿರಣ್‌ಜಿತಳ ಹಸಿಮೆಣಸಿನಕಾಯಿಗೆ ಕಡೆಗೂ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು. ಚಾಲನ್‌ಳ ಗಂಡುಮಕ್ಕಳು, ಅಂದರೆ ಸತ್ತವನ ಮಕ್ಕಳೇ, ಈ ಹೆಸರನ್ನು ಹಿಡಿದು ತಾಯಿಯ ಪರ ನಿಂತರು. 2019ರ ಫೆಬ್ರವರಿಯಲ್ಲಿ ಮೇಲ್ಮನವಿಯ ಕೋರ್ಟು ಶಿಕ್ಷೆಯನ್ನು ರದ್ದುಮಾಡಿತು. ಪತ್ರಿಕೆಗಳು ಇದನ್ನು ಕೋಯರ್ಸಿವ್ ಕಂಟ್ರೋಲ್ ಗೆದ್ದ ತೀರ್ಪು ಎಂದು ಸಂಭ್ರಮಿಸಿದವು. ತೀರ್ಪನ್ನು ಓದಿದರೆ ಅದರಲ್ಲಿರುವುದು ಬೇರೆ. ಕೋಯರ್ಸಿವ್ ಕಂಟ್ರೋಲ್ ತನ್ನಷ್ಟಕ್ಕೆ ಕೊಲೆಯ ಆರೋಪಕ್ಕೆ ಉತ್ತರವಲ್ಲ ಎಂದು ಪೀಠ ಹೇಳುತ್ತದೆ. ಶಿಕ್ಷೆ ರದ್ದಾಗಲು ಕಾರಣ, ಆಕೆಗೆ ಮಾನಸಿಕ ಕಾಯಿಲೆಗಳಿದ್ದವು ಎಂಬ ಹೊಸ ಮನೋವೈದ್ಯಕೀಯ ಸಾಕ್ಷ್ಯ. ಜೂನ್ 7ರಂದು ನರಹತ್ಯೆಯ ತಪ್ಪೊಪ್ಪಿಗೆಯನ್ನು ಪ್ರಾಸಿಕ್ಯೂಷನ್ ಒಪ್ಪಿತು, ಅದೂ ಕುಂದಿದ ಹೊಣೆಗಾರಿಕೆಯ ಆಧಾರದ ಮೇಲೆ. ಒಂಬತ್ತು ವರ್ಷ ನಾಲ್ಕು ತಿಂಗಳ ಶಿಕ್ಷೆ, ಆಗಲೇ ಅನುಭವಿಸಿದ್ದಾಗಿದೆ, ಮನೆಗೆ ಹೋಗಬಹುದು. ಇಪ್ಪತ್ತೇಳು ವರ್ಷಗಳ ನಂತರವೂ ಅದೇ ಎರಡನೆಯ ಬಾಗಿಲು.

ಶಿಕ್ಷೆಯ ಲೆಕ್ಕದಲ್ಲೂ ಮನೆಯ ಕಥೆ ಹೀಗೇ. 2008ರಲ್ಲಿ ಲಂಡನ್ನಿನ ಬೀದಿಯಲ್ಲಿ ಹದಿಹರೆಯದ ಹುಡುಗನೊಬ್ಬ ಚಾಕು ಇರಿತಕ್ಕೆ ಬಲಿಯಾದ. ಆಮೇಲೆ, 2010ರಲ್ಲಿ, ಕೊಲೆಗೆಂದು ಚಾಕುವನ್ನು ಸ್ಥಳಕ್ಕೆ ಒಯ್ದಿದ್ದರೆ ಕನಿಷ್ಠ ಶಿಕ್ಷೆಯ ಲೆಕ್ಕ 25 ವರ್ಷದಿಂದ ಶುರುವಾಗಬೇಕೆಂದು ನಿಯಮ ಬಂತು. ಅಲ್ಲೇ ಇದ್ದ ಚಾಕುವಾದರೆ ಸಾಮಾನ್ಯವಾಗಿ 15. ಗಂಡಂದಿರು ಹೆಂಡತಿಯರನ್ನು ಕೊಲ್ಲುವುದು ಮನೆಯಲ್ಲಿ, ಮನೆಯ ಚಾಕುವಿನಿಂದ. ಹೆಣ್ಣುಮಕ್ಕಳನ್ನು ಹೀಗೆ ಕಳೆದುಕೊಂಡ ತಾಯಂದಿರು ಮನೆಯೊಳಗಿನ ಜೀವ ಹತ್ತು ವರ್ಷ ಅಗ್ಗವೇ ಎಂದು ಕೇಳಿದರು. ಆ ಪ್ರಶ್ನೆಯ ಮುಂದೆ ಯಾರಿಗೂ ಮಾತು ಹೊರಡುವುದಿಲ್ಲ. ಆದರೆ ಲೆಕ್ಕವನ್ನು ಸುಮ್ಮನೆ ಮೇಲೇರಿಸಿದರೆ ಏನಾಗುತ್ತದೆ? ಥಾರ್ನ್‌ಟನ್‌ಳಂಥವರೂ ಎತ್ತಿಕೊಳ್ಳುವುದು ಅಡುಗೆಮನೆಯ ಚಾಕುವನ್ನೇ. ಬರಿಗೈಯಲ್ಲಿ ಕತ್ತು ಹಿಸುಕುವ ಬಲ ಗಂಡಸಿಗಿದೆ, ಅವರಿಗಿಲ್ಲ.

ಚಾಲನ್ ಪರ ವಾದಿಸಿದ್ದ ವಕೀಲೆ ಕ್ಲೇರ್ ವೇಡ್ ಅವರಿಗೇ ಸರಕಾರ ಇದನ್ನು ಪರಿಶೀಲಿಸಲು ಹೇಳಿತು. ಅವರ ವರದಿ 2023ರ ಮಾರ್ಚಿನಲ್ಲಿ ಪ್ರಕಟವಾಯಿತು. 2024ರಲ್ಲಿ ಶಿಕ್ಷೆಯ ನಿಯಮಗಳಲ್ಲಿ ಬದಲಾವಣೆ ಬಂತು: ಕೊಂದವನು ಸತ್ತವಳನ್ನು ಹಿಡಿತದಲ್ಲಿಟ್ಟುಕೊಂಡಿದ್ದರೆ ಅದು ಶಿಕ್ಷೆಯನ್ನು ಹೆಚ್ಚಿಸುವ ಅಂಶ, ಸತ್ತವನೇ ಕೊಂದವಳನ್ನು ಹಾಗೆ ಇಟ್ಟುಕೊಂಡಿದ್ದರೆ ಅದು ತಗ್ಗಿಸುವ ಅಂಶ. ಯಾರ ಮೇಲೆ ಯಾರ ಅಧಿಕಾರವಿತ್ತು ಎಂಬ ಪ್ರಶ್ನೆ ಇಲ್ಲಿ ಕೊಲೆಯ ಕಾನೂನಿನೊಳಗೆ ಬಂದಿದೆ. ಬಂದದ್ದು ಮಾತ್ರ ಕಡೆಯ ಪುಟದಲ್ಲಿ. ‘ಕೊಲೆಗಾರ್ತಿ’ ಎಂಬ ಮಾತು ಹೇಳಿಯಾದ ಮೇಲೆ, ವರ್ಷಗಳನ್ನು ಎಣಿಸುವ ಹೊತ್ತಿಗೆ. 2024ರ ಡಿಸೆಂಬರಿನಲ್ಲಿ ಸರಕಾರ ಕೊಲೆಯ ಕಾನೂನನ್ನೇ ಮತ್ತೆ ಪರಿಶೀಲಿಸಲು ಕಾನೂನು ಆಯೋಗಕ್ಕೆ ಒಪ್ಪಿಸಿತು. 2006ರಲ್ಲಿ ‘ಹತೋಟಿ ತಪ್ಪಬೇಕು ಎಂಬ ಷರತ್ತು ಬೇಡ’ ಎಂದು ಬರೆದುಕೊಟ್ಟದ್ದು ಇದೇ ಆಯೋಗ.